ದಕ್ಷಿಣದ ತಿರುವಿನ ನೀರು

ಬುರಾಲ್ಗಾ ಊರಿನ ಕುದುರೆ ರೇಸ್ ಮೈದಾನದಲ್ಲಿ, ದಕ್ಷಿಣದ ತಿರುವಿಗೆ ಚರಂಡಿ ಹಾಕಿದ ಮೇಲೆ ಬಂದ ಮೊದಲ ದೊಡ್ಡ ಮಳೆ ಅದು. ಎರಡು ದಿನ ಬಿಡದೆ ಸುರಿದು ಶನಿವಾರ ಬೆಳಗ್ಗೆ ನಿಂತಿತು. ಮಧ್ಯಾಹ್ನ ಊರಿನ ಕಪ್ ರೇಸು. ಇಪ್ಪತ್ತೊಂಬತ್ತು ವರ್ಷದಿಂದ ಆ ಹುಲ್ಲನ್ನು ನೋಡಿಕೊಂಡು ಬಂದ ವರ್ನನ್ ಟುಲ್ಲಿ ಬೂಟು ಹಾಕಿಕೊಂಡು ತಿರುವಿನ ಕಡೆ ನಡೆದ.

ಹೋದ ಜೂನ್‌ನಲ್ಲಿ ಅವನ ಮಗಳು ಇಮೆಲ್ಡಾ ಅಲ್ಲೇ ಬಿದ್ದಳು. ಜಾಕಿಯಾಗಿದ್ದಳು. ನೀರು ಕುಡಿದ ನೆಲದಲ್ಲಿ ಕುದುರೆಯ ಮುಂಗಾಲು ಜಾರಿತು; ಹಿಂದಿನಿಂದ ಬಂದ ಕುದುರೆಗಳಿಗೆ ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ. ಸಮಾಧಿಯ ಬಳಿ ಪಾದ್ರಿಗಳು ಹೇಳಿದ್ದನ್ನೆಲ್ಲ ವರ್ನನ್ ಕೇಳಿದ, ನಂಬಿದ. ಪ್ರತಿ ಭಾನುವಾರ ಮಂಡಿಯೂರಿದ. ಆದರೆ ಎದೆಯೊಳಗೆ ಏನೂ ಅಲುಗಲಿಲ್ಲ.

ಅವನೆದುರು ಯಾರೂ ಎತ್ತದ ಮಾತೊಂದಿತ್ತು. ಅವಳು ಬೀಳುವ ಮುಂಚೆ ರೇಸ್ ಸಮಿತಿಯವರು ಎರಡು ಸಲ ಚರಂಡಿಯ ಮಾತು ತೆಗೆದಿದ್ದರು. ಎರಡು ಸಲವೂ ತಡೆದವನು ವರ್ನನ್. ನೆಲ ತೋಡಿ ಜಲ್ಲಿ ತುಂಬಿದರೆ ಬೇಸಿಗೆಯಲ್ಲಿ ಬೇರು ಒಣಗುತ್ತದೆ, ಹುಲ್ಲು ಗೆರೆಗೆರೆಯಾಗಿ ಸಾಯುತ್ತದೆ ಎಂದಿದ್ದ. ನೆಲದ ಹದ ಹೇಳಲು ಅವನಿಗೆ ಅಳತೆಕೋಲು ಬೇಕಿರಲಿಲ್ಲ. ಓಟದ ದಾರಿಯ ಒಳಬೇಲಿಯ ಪಕ್ಕ ನಡೆಯುತ್ತ ಹಿಮ್ಮಡಿ ಊರಿ ಅಂಕಿ ಹೇಳುತ್ತಿದ್ದ. ಮೂರೆಂದರೆ ಗಟ್ಟಿ, ಹತ್ತೆಂದರೆ ಕೆಸರು. ಎಲ್ಲರೂ ಒಪ್ಪುತ್ತಿದ್ದರು. ಆದರೆ ಬೇಲಿಯ ಬುಡದಲ್ಲಿ ಗೊರಸು ಬೀಳುವುದಿಲ್ಲ, ಅಲ್ಲಿ ಹುಲ್ಲು ಯಾವಾಗಲೂ ದಟ್ಟ, ನೆಲವೂ ಗಟ್ಟಿ. ಕುದುರೆಗಳು ಓಡುವುದು ಅದಕ್ಕಿಂತ ನಾಲ್ಕು ಮಾರು ಆಚೆ. ಜೂನ್‌ನ ಆ ದಿನವೂ ಅವನು ಬೇಲಿಯ ಪಕ್ಕವೇ ಹಿಮ್ಮಡಿ ಊರಿ, "ಆರು, ಓಡಿಸಬಹುದು" ಎಂದಿದ್ದ.

ಅವಳು ಮಣ್ಣಾದ ತಿಂಗಳಿಗೆ ಸಮಿತಿ ಅವನನ್ನು ಕೇಳದೆ ಚರಂಡಿ ತೋಡಿಸಿತು. ವರ್ನನ್ ಎದುರಾಡಲಿಲ್ಲ. ಚರಂಡಿಯ ಕೊಳವೆಯ ಮೇಲಿನ ಮರಳನ್ನು ತಾನೇ ಹರಡಿದ.

ಇವತ್ತು ತಿರುವಿನಲ್ಲಿ ನೀರು ನಿಂತಿದ್ದರೆ, ಚರಂಡಿ ಹಾಕಿದ್ದರೂ ಅವಳು ಬೀಳುತ್ತಿದ್ದಳು ಎಂದುಕೊಳ್ಳಬಹುದು. ನಿಂತಿರದಿದ್ದರೆ ಹಾಗೆಂದುಕೊಳ್ಳುವಂತಿಲ್ಲ. ನಿಂತಿರಲಿ ಎಂದು ಬೇಡುವುದು ಪಾಪ. ಬೇರೆಯವರ ಮಕ್ಕಳು ಇವತ್ತು ಅಲ್ಲಿ ಓಡಿಸುತ್ತಾರೆ. ಅದಕ್ಕೇ ಅವನು ಏನನ್ನೂ ಬೇಡಲಿಲ್ಲ.

ಅವನ ಜೊತೆ ಕೆಲಸ ಮಾಡುವ ಕ್ಲಾರಿ ಅಳತೆಕೋಲು ಹೆಗಲಿಗೇರಿಸಿಕೊಂಡು ಕಾಯುತ್ತಿದ್ದ.

"ಏನೋ ವರ್ನ್, ಬಾತುಕೋಳಿ ಒಂದೂ ಇಲ್ವಲ್ಲೋ! ಮುಂಚೆ ಇಷ್ಟು ಮಳೆಗೆ ಇಲ್ಲಿ ಸಂಸಾರನೇ ಹೂಡ್ತಿದ್ವು."

"ಬೇಲಿ ಹತ್ರ ಬೇಡ ಕಣೋ. ಕೋಲು ಆಚೆ ಹಾಕು. ಓಡೋ ಜಾಗದಲ್ಲಿ."

ಕ್ಲಾರಿ ಅವನ ಮುಖ ನೋಡಿದ. ತಮಾಷೆ ಅಲ್ಲಿಗೆ ನಿಂತಿತು. ನಾಲ್ಕು ಮಾರು ಆಚೆ ಹೋಗಿ ಕೋಲು ನಿಲ್ಲಿಸಿ, ಅದರ ಮೇಲೆ ತೂಕ ಬಿಟ್ಟು ಎಷ್ಟು ಆಳಕ್ಕೆ ಇಳಿಯಿತೆಂದು ನೋಡಿದ. ಹಾಗೆ ಹತ್ತು ಕಡೆ ನೋಡಿದ. ನೀರೇ ನಿಲ್ಲದ ಮೇಲಿನ ದಿನ್ನೆಯಲ್ಲಿ ಬೆಳಗ್ಗೆ ಅಳೆದಾಗ ಎಷ್ಟು ಬಂದಿತ್ತೋ ಇಲ್ಲೂ ಅಷ್ಟೇ ಬಂತು.

"ಐದು," ಎಂದ ಮೆಲ್ಲಗೆ. "ಇನ್ನೊಂದ್ಸಲ ನೋಡ್ಲಾ?"

"ಬೇಡ."

ರೇಸಿನ ಮೇಲಧಿಕಾರಿ ಪ್ಯಾಸ್ಕೋ ಛತ್ರಿ ಊರಿಕೊಂಡು ಬಂದರು. "ಏನು ವರ್ನನ್, ಓಡಿಸಬಹುದಾ? ಬೇಸಿಗೆಗೆ ಹುಲ್ಲು ಸಾಯುತ್ತೆ ಅಂತಿದ್ರಿ."

"ಸಾಯ್ಲಿಲ್ಲ ಸರ್. ಮರಳಿನ ಗೆರೆ ಮೇಲೆ ಒಂದಿಷ್ಟು ಹಳದಿ ತಿರುಗಿತ್ತು, ನೀರು ಹಾಕಿದ್ಮೇಲೆ ಚೇತರಿಸ್ಕೊಳ್ತು. ಬೇರು ಮುಂಚೆಗಿಂತ ಆಳಕ್ಕೆ ಇಳಿದಿದೆ. ಐದು ಅಂತ ಬರ್ಕೊಳ್ಳಿ. ಓಡಿಸಬಹುದು."

ಮೊದಲ ರೇಸಿನಲ್ಲಿ ಒಂಬತ್ತು ಕುದುರೆ. ಒಂಬತ್ತೂ ತಿರುವನ್ನು ಒತ್ತಾಗಿ ಬಳಸಿ ನೇರ ದಾರಿಗೆ ಬಂದವು. ವರ್ನನ್ ಮರಳಿನ ಬಕೆಟ್ ಹಿಡಿದು ಹೋದ. ಪ್ರತಿ ರೇಸಿನ ನಂತರ ಗೊರಸಿಗೆ ಕಿತ್ತುಬಂದ ಹೆಂಟೆಗಳನ್ನು ತುಳಿದು ಕೂರಿಸಿ, ಗುಂಡಿ ತುಂಬುವುದು ಅವನ ಕೆಲಸ. ಹಿಂದೆಲ್ಲ ಆ ತಿರುವೊಂದಕ್ಕೇ ಆರು ಬಕೆಟ್ ಬೇಕಾಗುತ್ತಿತ್ತು. ಇವತ್ತು ಅರ್ಧ ಬಕೆಟ್ಟೂ ಖರ್ಚಾಗಲಿಲ್ಲ.

ಅವನ ಹೆಂಡತಿ ನೊರೀನ್ ಚರ್ಚಿನ ಹೆಂಗಸರ ಚಹಾ ಮೇಜಿನ ಹಿಂದೆ ನಿಂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಅವನು ಟೋಪಿ ತೆಗೆದು ಎದುರು ನಿಂತ.

"ನೀರು ನಿಂತಿಲ್ಲ ನೊರೀನ್."

ಅವಳ ಚಾಕು ನಿಲ್ಲಲಿಲ್ಲ.

"ಆ ಚರಂಡಿ ಬೇಡ ಅಂದೋನು ನಾನು. ಎರಡು ಸಲ. ಅವತ್ತು ಬೇಲಿ ಪಕ್ಕ ನೋಡಿ ಆರು ಅಂದೋನೂ ನಾನೇ. ಅವಳು ಕುದುರೆ ಓಡಿಸೋ ಜಾಗದಲ್ಲಿ ನಾನು ಕಾಲೇ ಇಟ್ಟಿರ್ಲಿಲ್ಲ."

ನೊರೀನ್ ಇನ್ನೆರಡು ಚೂರಿಗೆ ಬೆಣ್ಣೆ ಸವರಿದಳು. ಆಮೇಲೆ ಕೇಳಿದಳು: "ಹಂಗಾದ್ರೆ ಇವತ್ತು ಯಾರೂ ಬೀಳಲ್ವಾ?"

"ಹಂಗೆ ಹೇಳೋಕಾಗಲ್ಲ. ನೀರಿಂದ ಬೀಳಲ್ಲ."

"ಅಷ್ಟಾದ್ರೂ ಆಯ್ತಲ್ಲ," ಎಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. "ಮನೆಗೆ ಹೋದ್ಮೇಲೆ ಇದನ್ನ ಇನ್ನೊಂದ್ಸಲ ಹೇಳಿ. ಇಲ್ಲಿ ಕೇಳಿದ್ದು ಏನೂ ನಂಗೆ ಒಳಗೆ ಇಳೀತಿಲ್ಲ."

"ಹೇಳ್ತೀನಿ," ಎಂದ ವರ್ನನ್.

ಎರಡನೆಯ ರೇಸಿನ ಗಂಟೆಯಾಯಿತು. ಅವನು ಬಕೆಟ್ ಎತ್ತಿಕೊಂಡು ತಿರುವಿಗೆ ನಡೆದ.