ಒದ್ದೆ ಬೂಟಿನ ಹಾಡು

ಬ್ಯಾಂಡಿನಿಂದ ನನ್ನನ್ನು ಓಡಿಸಿದ ಮೇಲೆ ಲಾಯ್ತುಮ್‌ಖ್ರಾದ ಬೀದಿಯಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದ ಶೆಂಫಾಂಗ್ ಮೊನ್ನೆ ನಮ್ಮ ಮನೆಗೇ ಬಂದ. ಹಾಳಾಗಿ ಹೋಗಲಿ ಎಂದುಕೊಂಡು ಎಲೆ-ಅಡಿಕೆಯ ತಟ್ಟೆ ಮುಂದಿಟ್ಟೆ. ಶತ್ರು ಬಂದರೂ ಅದನ್ನು ಕೊಡದೆ ಕೂರಿಸುವ ಮನೆ ನಮ್ಮದಲ್ಲ.

"ಕಾಂಗ್ ಇಬಾನ್‌ರಿ, ಬ್ಯಾಂಡಿನ ಹುಡುಗ್ರು ನನ್ನೇ ತೆಗೆದುಹಾಕಿದ್ರು," ಅಂದ. ಆಗೆಲ್ಲ "ಏ" ಅನ್ನುತ್ತಿದ್ದವನ ಬಾಯಲ್ಲಿ ಈಗ ಕಾಂಗ್, ಅಂದರೆ ಅಕ್ಕ! "ಗಂಟಲು ಹೋಯ್ತಂತೆ. ನಾನು ಕಟ್ಟಿದ ಬ್ಯಾಂಡು! ಎಷ್ಟು ಡ್ರಮ್ಮರುಗಳು ಬಿಟ್ಟುಹೋದ್ರು, ನಾನೊಬ್ಬ ಹಿಡ್ಕೊಂಡು ನಿಂತಿದ್ದೆ."

"ಮೊದಲ್ನೇ ಡ್ರಮ್ಮರು ಬಿಟ್ಟುಹೋಗ್ಲಿಲ್ಲ. ಸತ್ತ. ಅವನು ನನ್ನ ತಮ್ಮ."

"ಹೌದೌದು, ಪಾಪ ಡಮಾಂಗ್," ಎಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡ. ಪಾಪವಂತೆ! ಡಮಾಂಗನನ್ನು ಮಣ್ಣು ಮಾಡಿದ ವಾರವೇ ಹೊಸ ಡ್ರಮ್ಮರನನ್ನು ತಂದು ಕೂರಿಸಿದ್ದ.

ನಮ್ಮಲ್ಲಿ ಯಾರು ಬರೆದರೂ ಹಾಡಿಗೆ ಬ್ಯಾಂಡಿನ ಹೆಸರೊಂದೇ. ಒಗ್ಗಟ್ಟು ಎಂದು ಹಿಗ್ಗಿ ಒಪ್ಪಿಕೊಂಡಿದ್ದೆವು, ದಡ್ಡ ಮುಂಡೇವು. ನನ್ನನ್ನು ಹೊರಹಾಕಿ ನನ್ನ ಕೀಬೋರ್ಡನ್ನು ನಮ್ಮ ಮನೆಯ ಮೆಟ್ಟಿಲ ಮೇಲೆ ಇಟ್ಟು ಹೋದ ದಿನ ಅವನೇ ಹೇಳಿದ್ದ: "ಸ್ಟೇಜಿನ ಮೇಲೆ ಯಾರಿರ್ತಾರೋ ಅವರೇ ಬ್ಯಾಂಡು. ಹಾಡೆಲ್ಲ ಅವರದ್ದೇ."

"ಒಂದು ಉಪಕಾರ ಮಾಡು," ಅಂದ. "'ಒದ್ದೆ ಬೂಟು' ಬರೆದದ್ದು ಶೆಂಫಾಂಗ್ ಅಂತ ನೀನು ಎಲ್ಲರ ಮುಂದೆ ಹೇಳ್ಬಿಡು. ಹಳಬರಲ್ಲಿ ನಿನ್ನ ಮಾತಿಗೆ ಬೆಲೆಯಿದೆ. ಆ ಹಾಡು ಅವರ ಕೈತಪ್ಪಿದ್ರೆ ಆ ನನ್ನಮಕ್ಕಳನ್ನ ಯಾರು ಕೇಳ್ತಾರೆ?"

"ಅದನ್ನ ಬರೆದದ್ದು ನಾನು."

"ಗೊತ್ತು ಮಾರಾಯ್ತಿ. ಆದ್ರೆ ಇಷ್ಟು ವರ್ಷ ಅಳ್ತಾ ಹಾಡಿದ್ದು ನಾನಲ್ವಾ?"

ಅದು ನಿಜ. ಆ ಹಾಡು ಬಂದಾಗಲೆಲ್ಲ ಅವನು ಅಳುತ್ತಿದ್ದ. ಅವನ ಮೇಲೆ ಎಷ್ಟೇ ಉರಿದರೂ ಅದೊಂದು ಕಣ್ಣೀರಿಗಾಗಿ ನಾನು ಅವನಿಗೆ ಕೇಡು ಬಯಸಿರಲಿಲ್ಲ. ಡಮಾಂಗ್ ಸತ್ತಾಗ ಬರೆದ ಆ ಹಾಡಲ್ಲದೆ ಅವನದು ಅಂತ ನನ್ನ ಹತ್ತಿರ ಏನೂ ಉಳಿದಿಲ್ಲ. ನನ್ನ ತಮ್ಮನಿಗಾಗಿ ಅಳುವ ಇನ್ನೊಬ್ಬನಿದ್ದಾನೆ ಎಂದೇ ನಂಬಿದ್ದೆ. ಹಾಡನ್ನು ಕೊಟ್ಟುಬಿಡೋಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಹಾಡುವಾಗ ಯಾರನ್ನ ನೆನೆಸ್ಕೊಂಡು ಅಳ್ತಿದ್ದೆ?" ಎಂದೆ.

"ಇನ್ಯಾರ್ನ? ನನಗೆ ಕೈಕೊಟ್ಟಳಲ್ಲ, ಅವಳನ್ನ. ಬೂಟು ಹೊಸಿಲಲ್ಲೇ ಬಿಟ್ಟು ಓಡಿಹೋದ ಹುಡುಗಿ ಹಾಡು ತಾನೆ ಅದು?"

ಡಮಾಂಗ್ ಉಮಿಯಮ್ ಕೆರೆಯಲ್ಲಿ ಮುಳುಗಿದ ದಿನ, ದಡದಲ್ಲಿ ಸಿಕ್ಕಿದ ಅವನ ಒದ್ದೆ ಬೂಟುಗಳನ್ನು ತಂದು ಅಮ್ಮನ ಮುಂದೆ ಇಟ್ಟವನು ಇದೇ ಶೆಂಫಾಂಗ್. ಇದೇ ಹೊಸಿಲ ಮೇಲೆ.

"ಅದು ಡಮಾಂಗನ ಬೂಟು ಕಣೋ. ನೀನೇ ತಂದಿಟ್ಟಿದ್ದು."

ಅವನು ಹೊಸಿಲ ಕಡೆ ನೋಡಿದ. "ನಾನಾ?" ಎಂದ. ಸ್ವಲ್ಪ ಯೋಚಿಸಿದ. "ಇರಬಹುದೇನೋ. ಅದಿರಲಿ, ಹೇಳ್ತೀಯಾ ತಾನೆ?" ಎಂದು ಇನ್ನೊಂದು ಹೋಳಿಗೆ ಕೈ ಚಾಚಿದ.

"ಹುಡುಗ್ರೇ ಹಾಡ್ಲಿ ಬಿಡು. ಯಾರ ಬೂಟು ಅಂತ ಅವರಿಗೆ ಯಾರೂ ಹೇಳಿಲ್ಲ, ಅದಕ್ಕೆ ಗೊತ್ತಿಲ್ಲ. ನೀನು ಕೈಯಾರೆ ತಂದಿಟ್ಟೂ ಮರೆತವನು," ಎಂದೆ. ಅವನ ಕೈ ಇನ್ನೂ ಚಾಚಿಕೊಂಡೇ ಇತ್ತು. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.