ಗೂಲೆದನಿಗೊಂದು ಪದ

ಹರ್ಗೇಸಾದ ಇಲಾಖೆಯೊಂದರಲ್ಲಿ ಹೊಸ ಕಾನೂನುಗಳನ್ನು ಸೊಮಾಲಿಯಲ್ಲಿ ಬರೆಯುವ ಕೆಲಸ ಕಿನ್ಸಿಯದು. ಈ ಸಲ ಬಂದದ್ದು ಹತ್ತು ವರ್ಷದ ಹಿಂದೆ ಹಳೇ ಸರಕಾರದ ಸೈನಿಕರು ಹಿಡಿದೊಯ್ದವರಿಗೆ ಮರಣ ಪ್ರಮಾಣಪತ್ರ ಕೊಡುವ ಕಾನೂನು. ಆ ಪತ್ರವಿಲ್ಲದೆ ಹೆಂಡಂದಿರಿಗೆ ಮರುಮದುವೆಯಿಲ್ಲ, ಮಕ್ಕಳ ಹೆಸರಿಗೆ ಮನೆಯಾಗುವುದಿಲ್ಲ. ಕಳೆದ ಮಳೆಗೆ ಒಣಹೊಳೆಯ ದಂಡೆ ಕುಸಿದು, ತಂತಿಯಲ್ಲಿ ಬಿಗಿದ ಮಣಿಕಟ್ಟಿನ ಮೂಳೆಗಳು ಹೊರಬಿದ್ದಿದ್ದವು. ಅಂದಿನಿಂದ ಇಲಾಖೆಯ ಬಾಗಿಲಲ್ಲಿ ಜನವೋ ಜನ.

ಕಿನ್ಸಿ ‘ಸತ್ತವರು’ ಎಂದು ಬರೆದಳು. ಬೆನ್ನ ಹಿಂದೆ ಹಲಗೆಗೆ ಸೀಮೆಸುಣ್ಣ ಕುಟ್ಟಿದಂತೆ ಎರಡು ಸಲ ಟಕ್ಕೆಂದಿತು. ತಿರುಗಿದರೆ ಬರೀ ಗೋಡೆ. ಅವಳ ಅಣ್ಣ ಗೂಲೆದ್ ಸೊಮಾಲಿ ಮೇಷ್ಟ್ರಾಗಿದ್ದ. ಮಕ್ಕಳು ತಪ್ಪು ಬರೆದರೆ ಹಾಗೇ ಕುಟ್ಟುತ್ತಿದ್ದ. ಪಾಠದ ನಡುವೆಯೇ ಸೈನಿಕರು ಅವನನ್ನು ಎಳೆದೊಯ್ದಿದ್ದರು.

ಅವಳು ಅದನ್ನು ಹೊಡೆದುಹಾಕಿ ‘ಕಾಣೆಯಾದವರು’ ಎಂದು ಬರೆದಳು. ಮತ್ತೆ ಟಕ್, ಟಕ್.

“ಮೂರು ವಾರ ಆಯ್ತಲ್ಲಮ್ಮ, ಒಂದು ಪದ ಸಿಗ್ಲಿಲ್ವಾ?” ಎಂದ ಇಲಾಖೆಯವರೆಲ್ಲ ಚಿಕ್ಕಪ್ಪ ಎನ್ನುವ ಮೇಲಧಿಕಾರಿ ರೂಬ್ಲೆ.

“ಯಾವುದೂ ಒಪ್ಪಿಗೆ ಆಗ್ತಿಲ್ಲ, ಚಿಕ್ಕಪ್ಪ.”

“ಯಾರಿಗೆ?”

ಅವಳು ತಿರುಗಿ ಹಿಂದಿನ ಗೋಡೆ ನೋಡಿದಳು. ರೂಬ್ಲೆ ಚಹಾ ಹೀರಿದ. “ನಾವು ಬೇರೆ ದೇಶ ಆದ್ವಿ ಅಂದ್ರೂ ಲೋಕ ಒಪ್ಪಲ್ಲ, ಇಂಥ ದೇಶಾನೇ ಇಲ್ಲ ಅನ್ನುತ್ತೆ. ಆದ್ರೂ ಕಾನೂನು ಮಾಡ್ತಾ ಕೂತಿಲ್ವಾ? ಏನೋ ಒಂದು ಬರಿ.”

ಮಧ್ಯಾಹ್ನ ಮನೆಯಲ್ಲಿ ತಾಯಿ ದಹಬೊಗೆ ಕರಡನ್ನು ಓದಿ ಹೇಳಿದಳು. ಮುದುಕಿ ಕಾವಲಿಯ ಮೇಲಿನ ದೋಸೆಯನ್ನು ಮರೆತು ಸಿಡುಕಿದಳು: “ಕಾಣೆಯಾಗೋಕೆ ಅವನೇನು ಮೇಕೆಮರೀನಾ? ಅವನನ್ನ ಒಯ್ದ್ರು, ವಾಪಸ್ ತರ್ಲಿಲ್ಲ. ಹಂಗೇ ಬರಿ.”

ಕಿನ್ಸಿ ಹಾಗೆಯೇ ಬರೆದಳು. ಕಿವಿಗೊಟ್ಟು ಕಾದಳು. ಸೀಮೆಸುಣ್ಣದ ಸದ್ದಿಲ್ಲ.

ಸಂಸತ್ತಿನಲ್ಲಿ ಆ ಸಾಲು ಓದಿದಾಗ ಮುದುಕರು ಬಿಕ್ಕಿದರು. ಒಬ್ಬನೂ ತಿದ್ದುಪಡಿ ಕೇಳಲಿಲ್ಲ. ಗೂಲೆದನ ಪತ್ರವನ್ನು ಕಿನ್ಸಿಯೇ ತುಂಬಿದಳು. ದಹಬೊ ಮಗನ ಹೆಸರಿನ ಮೇಲೆ ಬೆರಳಾಡಿಸಿ, “ಇಷ್ಟೇನಾ?” ಎಂದಳು. ಶುಕ್ರವಾರ ಮಸೀದಿಯಲ್ಲಿ ಹೆಣವಿಲ್ಲದೆಯೇ ಅವನಿಗೆ ಕೊನೆಯ ಪ್ರಾರ್ಥನೆಯಾಯಿತು.

ಒಂದು ಪ್ರತಿ ಪರದೇಶದಲ್ಲಿದ್ದ ಅವನ ಹೆಂಡತಿ ಉಬಾಹಳಿಗೆ ಹೋಯಿತು. ಎರಡು ತಿಂಗಳ ಮೇಲೆ ಅವಳ ಫೋನು ಬಂತು.

“ಇಂಥ ದೇಶವೇ ಇಲ್ಲ, ಈ ಕಾಗದ ನಡಿಯಲ್ಲ ಅಂದ್ರು ಕಣೇ ಇಲ್ಲಿನ ಕಚೇರಿಯವರು. ಇಲ್ಲಿಯವರ ಲೆಕ್ಕದಲ್ಲಿ ನಿಮ್ಮಣ್ಣ ಇನ್ನೂ ಬದುಕಿದ್ದಾರಂತೆ.”

ಪಕ್ಕದಲ್ಲಿ ಮಲಗಿದ್ದ ದಹಬೊ ಮಗಳ ಸೆರಗೆಳೆದಳು. “ಏನಂತೆ?”

ಸುಳ್ಳು ಹೇಳಲು ಕಿನ್ಸಿಗೆ ಬಾಯಿ ಬರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೇ ಹೇಳಿದಳು.

ಮುದುಕಿ ನಿಧಾನಕ್ಕೆ ಎದ್ದು ಕೂತಳು. ಎಷ್ಟೋ ವರ್ಷದಿಂದ ಕಾಣದ ಹೊಳಪೊಂದು ಅವಳ ಕಣ್ಣಿಗೆ ಬಂದಿತ್ತು.

“ಅವನು ಬದುಕಿರೋದು ಯಾವ ದೇಶದಲ್ಲಿ ಅಂದ್ಲು?” ಎಂದಳು. “ಇನ್ನೊಂದ್ಸಲ ಕೇಳೆ.”