ಡಾಂಬರಿನ ಕಣ

"ಯಾರ್ದಲೇ ಈ ಹೊಲಸು? ರಸ್ತಾ ನಿಮ್ಮಪ್ಪ ಮಾಡಿಸ್ಯಾನೇನ್ಲೇ, ಸೂಳೆಮಗನ?"

ಗೌಡರ ಮಗ ಕಲ್ಯಾಣಕುಮಾರ ಹೀಗೆ ಕೇಳಿದ್ದು ನಮ್ಮ ತೊಗರಿಯ ಮೇಲೆ ನಿಂತುಕೊಂಡು. ಕಾಲಿಗೆ ಹೊಸ ಬಿಳಿ ಬೂಟು. ಅದರ ಕೆಳಗೆ ಒಣಗಿದ ಕಾಯಿ ಒಡೆದು ಕಾಳು ಡಾಂಬರಿನ ಮೇಲೆ ಉರುಳುತ್ತಿದ್ದವು. ಬೈಸಿಕೊಂಡವನು ನಮ್ಮಪ್ಪ ಹುಲೆಪ್ಪ. ಅವ್ವ ಅಂಬುಬಾಯಿಗೆ ಆ ಬೈಗುಳ ಕೇಳಿಸಿತೋ ಇಲ್ಲವೋ, ಅವಳ ಕಣ್ಣು ಮಾತ್ರ ಬೂಟಿನ ಮೇಲೇ ಇತ್ತು.

"ಗೌಡ್ರ, ಕಣದಾಗ ಕೆರಾ ಹಾಕ್ಕೊಂಡು ನಿಂದ್ರಬಾರ್ದ್ರಿ," ಅಂದಳು.

ಕಣವಂತೆ ಕಣ ಎಂದು ಅವನು ನಕ್ಕ. ಜೊತೆಗೆ ಬಂದಿದ್ದ ಹವಾಲ್ದಾರ ಪರಮೇಶನೂ ನಕ್ಕ.

ನಗುವವರಿಗೇನು, ಅವರಿಗೆ ಊರಿನ ಕಣವಿದೆ. ಅಲ್ಲಿ ನಾವು ಕೂಲಿಗೆ ರಾಶಿ ಮಾಡಬಹುದು, ತೂರಬಹುದು, ಚೀಲ ಹೊತ್ತು ಗೌಡರ ಮನೆಗೆ ಹಾಕಬಹುದು. ನಮ್ಮ ಕೇರಿಯ ಕಾಳು ಮಾತ್ರ ಅಲ್ಲಿ ಬೀಳುವಂತಿಲ್ಲ, ಬಿದ್ದರೆ ಮೈಲಿಗೆ. ಅದಕ್ಕೇ ಕೇರಿಯ ಮುಂದಿನ ರಸ್ತೆಯೇ ನಮಗೆ ಕಣ. ತೊಗರಿ ಕೊಯ್ದು ತಂದು ಹರಡಿದರೆ ಸಾಕು, ಖಜೂರಿ ಕಡೆಯಿಂದ ಬರುವ ಲಾರಿಗಳು ತುಳಿದು ಕಾಳು ಬಿಡಿಸಿ ಹೋಗುತ್ತವೆ. ಯಾರ ಕಾಳು ಎಂದು ಲಾರಿ ಕೇಳುವುದಿಲ್ಲ. ಡಾಂಬರಿನದಾದರೂ ಕಣ ಕಣವೇ. ಅವ್ವ ಅಂಚಿಗೊಂದು ಕಲ್ಲಿಟ್ಟು ಕುಂಕುಮ ಹಚ್ಚುತ್ತಾಳೆ. ರಾಶಿ ಮನೆ ಸೇರುವವರೆಗೆ ನಾವ್ಯಾರೂ ಅದರ ಮೇಲೆ ಕೆರ ಮೆಟ್ಟಿ ಕಾಲಿಡುವುದಿಲ್ಲ.

ಈ ಸಲದ ತೊಗರಿಯಂತೂ ನಮಗೆ ಜೀವಕ್ಕಿಂತ ಹೆಚ್ಚು. ಹುಟ್ಟಿದಾಗಿನಿಂದ ಗೌಡರ ಹೊಲದಲ್ಲಿ ದುಡಿದ ಅಪ್ಪನಿಗೆ ಕೊನೆಗೂ ಗಾಯರಾಣದ, ಅಂದರೆ ಸರ್ಕಾರಿ ಗೋಮಾಳದ, ಎರಡೆಕರೆ ಸಿಕ್ಕಿತ್ತು. ಅದರ ಮೊದಲ ಬೆಳೆ ಇದು. ಇದು ಕೈಗೆ ಬಂದರೆ ಗೌಡರ ಬಾಗಿಲು ತಪ್ಪುತ್ತದೆ, ಹೋದರೆ ಮತ್ತೆ ಅಲ್ಲೇ ಹೋಗಿ ನಿಲ್ಲಬೇಕು. ಕಲ್ಯಾಣಕುಮಾರನಿಗೂ ಇದು ಚೆನ್ನಾಗಿ ಗೊತ್ತಿತ್ತು.

ಸೈಕಲ್ ರೇಸಿನ ಸುದ್ದಿಯನ್ನು ಆಟೋಕ್ಕೆ ಮೈಕು ಕಟ್ಟಿ ಸಾರಿದ್ದರು. ದೇಶ ವಿದೇಶದ ಸವಾರರು ದಿನಕ್ಕೊಂದು ಹಂತ ಮುಗಿಸುತ್ತ ಬರುತ್ತಿದ್ದಾರೆ, ಇವತ್ತಿನ ಹಂತ ಆಳಂದದಿಂದ ಅಫಜಲಪುರ ಹಾಯ್ದು ಜೇವರ್ಗಿಗೆ, ಅವರು ಹೋಗುವವರೆಗೆ ರಸ್ತೆ ಬಂದ್ ಎಂದು. ಕೇರಿಗೆಲ್ಲ ರಸ್ತೆ ಬಂದ್ ಎಂಬುದು ಕೇಳಿಸಿದರೆ ಅಪ್ಪನಿಗೆ ಕೇಳಿಸಿದ್ದು ಗಾಲಿ. ನೂರಾರು ಸೈಕಲ್ಲು, ಹಿಂದೆ ಸಾಲುಸಾಲು ಕಾರು, ಜೀಪು, ಅಂಬುಲೆನ್ಸು. ಅಷ್ಟೂ ಗಾಲಿ ಒಂದೇ ಸಲ ನಮ್ಮ ಕಣದ ಮೇಲೆ ಹಾಯುತ್ತವೆ ಎಂದು ಹಿಗ್ಗಿದ. ಬಣವೆಯಲ್ಲಿ ಉಳಿದದ್ದನ್ನೂ ಬೆಳಿಗ್ಗೆ ಹೊತ್ತು ತಂದು ರಸ್ತೆ ತುಂಬ ಹರಡಿಬಿಟ್ಟ.

ಈಗ ಅದನ್ನೇ ಕೈಮುಗಿದು ಹೇಳಿದ.

"ಗಾಲಿ ಅಂದ್ರ ಗಾಲಿ ಅಲ್ರಿ, ಧಣಿ. ಹ್ಯಾಂಗೂ ಬರಾಕತ್ತಾವ, ನಮ್ದೂ ಈಟು ತುಳದು ಹೋಗ್ಲಿ ಅಂದೆರಿ."

ಕಲ್ಯಾಣಕುಮಾರ ಈ ಸಲ ನಗಲಿಲ್ಲ. ಅಪ್ಪನ ಕಪಾಳಕ್ಕೆ ಹೊಡೆದ. ರುಮಾಲು ಹಾರಿ ಬಿತ್ತು. ಈ ಭಾಗದ ಸ್ವಾಗತ ಸಮಿತಿಗೆ ಅವನೇ ಅಧ್ಯಕ್ಷ, ಊರ ಮುಂದೆ ಅವನ ಫೋಟೋ ಇದ್ದ ಕಮಾನು ನಿಂತಿತ್ತು. ಟೀವಿಯವರು ಬರುವ ಹೊತ್ತಿಗೆ ಕೇರಿಯ ಕಸ ತೋರಿಸಲೇನು ಎಂದು ಜಾತಿ ಹಿಡಿದು ಬೈದ. ಎತ್ತುತ್ತೇವೆ ಎಂದು ಅಪ್ಪ ಕಾಲು ಹಿಡಿದ. ಕೇರಿಯವರೆಲ್ಲ ಓಡಿ ಬಂದು ತೆಕ್ಕೆಗೆ ತೆಕ್ಕೆ ಎತ್ತತೊಡಗಿದೆವು. ಎತ್ತಲು ಬಿಟ್ಟಿದ್ದರೆ ತಾನೇ? ಅವನು ಕೈ ಬೀಸಿದ, ಮುಂದೆ ಹಲಗೆ ಕಟ್ಟಿದ ಟ್ರ್ಯಾಕ್ಟರು ಬಂತು.

ಅದು ತೊಗರಿಯನ್ನು ಚರಂಡಿಗೆ ನೂಕುತ್ತ ಹೋಯಿತು. ನಮ್ಮ ಬಚ್ಚಲ ನೀರೆಲ್ಲ ಹರಿಯುವ ಚರಂಡಿ. ಅವ್ವ ಅಡ್ಡ ನಿಂತಳು. ಕಲ್ಯಾಣಕುಮಾರ ಅವಳ ತುರುಬು ಹಿಡಿದು ಎಳೆದು ಒಗೆದ. ನಾನು ಕಲ್ಲೆತ್ತಿಕೊಂಡು ಓಡಿದೆ, ಅವನ ಬೂಟು ನನ್ನ ಹೊಟ್ಟೆಗೆ ಬಿತ್ತು. ಉಸಿರು ಹಿಡಿದು ನೆಲದ ಮೇಲೆ ಒದ್ದಾಡುತ್ತಲೇ ನೋಡಿದೆ. ಅಪ್ಪ ಹಲಗೆಯನ್ನು ಎರಡೂ ಕೈಯಿಂದ ತಬ್ಬಿ ನಿಂತಿದ್ದ. ಟ್ರ್ಯಾಕ್ಟರು ನಿಲ್ಲಲಿಲ್ಲ. ಅವನ ಕಾಲು ಮುರಿದದ್ದು ಒಣ ತೊಗರಿಕಟ್ಟಿಗೆ ಮುರಿದಂತೆಯೇ ಕೇಳಿಸಿತು. ಬಿದ್ದವನ ಬೆನ್ನಿಗೆ ಪರಮೇಶ ಲಾಠಿಯಿಂದ ಬಾರಿಸಿದ, ಸುಸ್ತಾಗುವವರೆಗೆ ಬಾರಿಸಿದ.

ಆಮೇಲೆ ಟ್ಯಾಂಕರಿನವರು ರಸ್ತೆ ತೊಳೆದರು. ಅಪ್ಪನ ರಕ್ತ, ಉಳಿದ ಕಾಳು ಎರಡೂ ಚರಂಡಿಗೆ ಇಳಿದವು. ಕೇರಿ ಕಾಣದಂತೆ ಉದ್ದಕ್ಕೂ ಹಸಿರು ಪರದೆ ಕಟ್ಟಿ, ಕಲ್ಯಾಣಕುಮಾರ ಹಾರ ಹಿಡಿಯಲು ಕಮಾನಿಗೆ ಹೋದ.

ಕಾವಲಿಗೆ ನಿಂತ ಪರಮೇಶನನ್ನು ನಾನು ಒಂದು ಗಾಡಿ ಕೇಳಿದೆ, ದವಾಖಾನೆಗೆ ಒಯ್ಯಬೇಕು ಎಂದೆ.

"ರಸ್ತಾ ಬಂದ್ ಅದ. ಅಂಬುಲೆನ್ಸ್ ಸೈಕಲ್ದವ್ರಿಗಿ," ಅಂದ.

ಪರದೆಯ ಹಿಂದೆ ಅಪ್ಪನನ್ನು ಹೊರಸಿನ ಮೇಲೆ ಮಲಗಿಸಿದ್ದೆವು. ಮೊಣಕಾಲಿನ ಕೆಳಗೆ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಅವನು ಚೀರಲಿಲ್ಲ. ಕಾಳು ಉಳಿದಾವೇನು ಎಂದು ಕೇಳಿದ.

ಅವ್ವ ಒಳಗೆ ಹೋಗಿ ಕುಡುಗೋಲು ತಂದು ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿದಳು. ನಾವು ಹೊರಸು ಎತ್ತಿ ರಸ್ತೆಯ ನಡುವೆ ಇಟ್ಟೆವು. ಪರಮೇಶ ಲಾಠಿ ಎತ್ತಿದ. ಎದುರಿಗೆ ಇಡೀ ಕೇರಿ ಬಡಿಗೆ ಹಿಡಿದು ನಿಂತದ್ದು ನೋಡಿ ಕಮಾನಿನ ಕಡೆ ಓಡಿದ. ಹೆಂಗಸರು ಚರಂಡಿಗಿಳಿದು, ನೀರು ಸೋರುವ ತೊಗರಿಯನ್ನು ಎದೆಗವಚಿ ತಂದು ಹರಡಿದರು. ಅವ್ವ ಅಂಚಿಗೆ ಕಲ್ಲಿಟ್ಟಳು. ಕುಂಕುಮ ಇರಲಿಲ್ಲ. ಅಪ್ಪನ ಕಾಲಿಂದ ಇಳಿಯುತ್ತಿದ್ದುದನ್ನೇ ಬೆರಳಿಗೆ ತೆಗೆದುಕೊಂಡು ಕಲ್ಲಿಗೆ ಹಚ್ಚಿದಳು. ಹಸಿ ತೊಗರಿ ಬಡಿದರೆ ಕಾಳು ಬಿಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಬಡಿದೆವು.

ಸೈರನ್ನು ಕೂಗುತ್ತ ಮೊದಲು ಮೋಟರ್ ಸೈಕಲ್ಲು ಬಂತು, ಹೊರಸು ಕಂಡು ಹೊಲಕ್ಕೆ ಇಳಿಯಿತು. ಹಿಂದೆಯೇ ಸೈಕಲ್ಲುಗಳ ಹಿಂಡು. ಮುಂದಿನವನು ಬ್ರೇಕು ಒತ್ತಿದ, ಗಾಲಿ ಜಾರಿ ಡಾಂಬರಿಗೆ ಉಜ್ಜಿಕೊಂಡು ಬಿದ್ದ. ಅವನ ಮೇಲೆ ಇನ್ನೊಬ್ಬ, ಮತ್ತೊಬ್ಬ. ಉಳಿದವರು ಕಾಲೂರಿ ನಿಂತರು. ಬಿದ್ದವನು ಎದ್ದ. ಮೊಣಕೈಯ ಚರ್ಮ ಸುಲಿದು ಅದರಲ್ಲಿ ತೊಗರಿಯ ಹೊಟ್ಟು ಅಂಟಿತ್ತು. ಅಪ್ಪನ ಕಾಲು ನೋಡಿದ, ಹರಿದ ಪರದೆ ನೋಡಿದ, ತನ್ನ ಭಾಷೆಯಲ್ಲಿ ಏನೋ ಅಂದ. ಅವನ ಬೂಟಿನ ತಳ ಕಲ್ಲಿನಷ್ಟು ಗಟ್ಟಿ, ಹಸಿ ತೊಗರಿಯ ಮೇಲೆ ನಿಲ್ಲುತ್ತಿರಲಿಲ್ಲ. ಬಿಚ್ಚಿ ಕೈಯಲ್ಲಿ ಹಿಡಿದು, ಸೈಕಲ್ಲು ಹೆಗಲಿಗೇರಿಸಿ ಬರಿಗಾಲಲ್ಲಿ ದಾಟಿದ. ಹಿಂದಿನವರೂ ಹಾಗೇ ಮಾಡಿದರು. ಜಾರುತ್ತದೆಂದು ಬಿಚ್ಚಿದರು, ಮರ್ಯಾದೆಗಲ್ಲ, ಅಷ್ಟು ನನಗೂ ತಿಳಿಯುತ್ತದೆ. ಆದರೂ ಅವರೆಲ್ಲ ದಾಟುವವರೆಗೆ ಅವ್ವ ಎತ್ತಿದ ಬಡಿಗೆ ಇಳಿಸಲಿಲ್ಲ.

ಹಿಂದಿನ ಕಾರು, ಅಂಬುಲೆನ್ಸುಗಳು ಹೊಲಕ್ಕಿಳಿದು ಸುತ್ತಿ ಹೋದವು. ಅಷ್ಟರಲ್ಲಿ ಕಮಾನಿನ ಕಡೆಯಿಂದ ಜೀಪು ಬಂತು. ಕಲ್ಯಾಣಕುಮಾರ ಜಿಗಿದು, ಜೊತೆಗಿದ್ದ ಪರಮೇಶನ ಲಾಠಿ ಕಸಿದುಕೊಂಡು ಅವ್ವನ ಕಡೆ ನುಗ್ಗಿದ. ಒಂದು ಬಿಳಿ ಬೂಟು ತೊಗರಿಯ ಮೇಲೆ ಬಿತ್ತು.

ಅಪ್ಪ ಹೊರಸಿನ ಮೇಲೆ ಮೊಣಕೈಯೂರಿ ತಲೆ ಎತ್ತಿದ.

"ಕೆರಾ ಬಿಚ್ಚಂತ ಹೇಳ ಅವಗ."

"ಕೇಳಿಸ್ತೇನಲೇ?" ಅಂದಳು ಅವ್ವ. ಗೌಡರ ಮನೆಯವರಿಗೆ ಅವಳು ಲೇ ಅಂದದ್ದು ಅದೇ ಮೊದಲು.

ಅವನು ಇನ್ನೊಂದು ಬೂಟನ್ನೂ ಇಟ್ಟ. ಅವ್ವನ ಬಡಿಗೆ ಅದರ ಮೇಲೇ ಇಳಿಯಿತು. ಬೆಳಿಗ್ಗೆ ಕೇಳಿದ ಸದ್ದನ್ನೇ ನಾನು ಮತ್ತೆ ಕೇಳಿದೆ. ಅವನು ಚೀರುತ್ತ ಕಣದಲ್ಲಿ ಕುಸಿದು ಕೂತ. ಅವ್ವ ಬಗ್ಗಿ ಅವನ ಎರಡೂ ಬೂಟು ಕಿತ್ತು ಚರಂಡಿಗೆ ಒಗೆದಳು.

ಪರಮೇಶ ಸೀಟಿ ಊದಿದ. ಕಮಾನಿನ ಕಡೆಯಿಂದ ಬಂದ ವ್ಯಾನಿನಿಂದ ಪೊಲೀಸರು ಒಬ್ಬೊಬ್ಬರಾಗಿ ಇಳಿಯತೊಡಗಿದರು. ನಾವು ಹೊರಸಿನ ಸುತ್ತ ಒತ್ತಾಗಿ ನಿಂತೆವು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ತೊಗರಿ ಬಡಿಯತೊಡಗಿದಳು.